ಕೆಟ್ಟದ್ದು ಯಾವುದು?

ಹೋದ ವರ್ಷದ ಆಟಿ ತಿಂಗಳ ಮಾತು. ಪುತ್ತೂರಿನಲ್ಲಿ ಮೂರು ದಿನಗಳಿಂದ ಬಿಡದೆ ಮಳೆ ಸುರಿಯುತ್ತಿತ್ತು. ರಾತ್ರಿ ಹತ್ತರ ಹೊತ್ತಿಗೆ ಹೊರದೇಶದಲ್ಲಿರುವ ನನ್ನ ಅಕ್ಕನ ಮಗ ಕರೆ ಮಾಡಿ, “ಮಾವ, ಅಮ್ಮನ ಫೋನು ನಿನ್ನೆಯಿಂದ ಸ್ವಿಚ್ ಆಫ್ ಬರ್ತಾ ಉಂಟು. ನೀವೊಮ್ಮೆ ಹೋಗಿ ನೋಡ್ತೀರಾ?” ಎಂದ. ಅವನ ಧ್ವನಿ ಸಣ್ಣಗಾಗಿತ್ತು. ಅಕ್ಕನಿಗೆ ಎಪ್ಪತ್ತನಾಲ್ಕು ವರ್ಷ. ಸುಬ್ರಹ್ಮಣ್ಯದಿಂದ ಆಚೆಗೆ, ಗುಡ್ಡದ ಬುಡದ ಅಡಕೆತೋಟದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ತಾಮ್ರದ ತಂತಿಯ ಹಳೆಯ ದೂರವಾಣಿ ಆ ಮನೆಯಿಂದ ಹೋಗಿ ವರ್ಷಗಳಾದುವು. ಅಂಗೈಯಗಲದ ಆ ಒಂದು ಯಂತ್ರವನ್ನು ಬಿಟ್ಟರೆ ಅವಳಿಗೂ ಹೊರಗಿನ ಲೋಕಕ್ಕೂ ಬೇರೆ ಕೊಂಡಿ ಇಲ್ಲ.

ಮರುದಿನ ಬೆಳಗ್ಗೆ ಉಪ್ಪಿನಂಗಡಿ, ಕಡಬದ ದಾರಿಯಾಗಿ ಬಸ್ಸು ಹಿಡಿದು ಹೋದೆ. ದಾರಿಯುದ್ದಕ್ಕೂ ಮನಸ್ಸು ಏನೇನು ಚಿತ್ರಗಳನ್ನು ಬರೆಯಿತೆಂಬುದನ್ನು ಇಲ್ಲಿ ಹೇಳಬೇಕಾದ್ದಿಲ್ಲ. ಈ ಸೀಮೆಯಲ್ಲಿ ವಯಸ್ಸಾದವರನ್ನು ಒಂಟಿಯಾಗಿ ಬಿಟ್ಟಿರುವ ಕುಟುಂಬದವರೆಲ್ಲರೂ ಅದನ್ನು ಬಲ್ಲರು. ಅಂಗಳಕ್ಕೆ ಕಾಲಿಟ್ಟಾಗ ಅಕ್ಕ ಜಗಲಿಯಲ್ಲಿ ಕುಳಿತು ಅಡಕೆ ಕತ್ತರಿಸುತ್ತಿದ್ದಳು. “ಏ ತಮ್ಮ, ಈ ಮಳೆಗೆ ಎಂತಕ್ಕೆ ಬಂದದ್ದು?” ಎಂದು ನನ್ನನ್ನೇ ಗದರಿದಳು.

ಫೋನು ಸತ್ತುಹೋಗಿದೆಯೆಂದು ಅವಳ ತೀರ್ಮಾನ. ನೆರೆಮನೆಯ ಹುಡುಗನ ಕೈಯಲ್ಲಿ ಪೇಟೆಯ ಒಂದು ಅಂಗಡಿಗೆ ಕಳಿಸಿದ್ದಳಂತೆ. ಅಲ್ಲಿಯವರು ‘ಬೋರ್ಡು ಹೋಗಿದೆ, ಮೂರು ಸಾವಿರ ಆಗುತ್ತದೆ’ ಎಂದು ಹೇಳಿ ಹಿಂದಕ್ಕೆ ಕೊಟ್ಟಿದ್ದರು. ನಾನು ಕನ್ನಡಕ ಏರಿಸಿ, ಚಾರ್ಜಿಂಗ್ ತಂತಿ ಸಿಕ್ಕಿಸುವ ತೂತನ್ನು ಬೆಳಕಿಗೆ ಹಿಡಿದು ನೋಡಿದೆ. ಅದರ ತಳದಲ್ಲಿ ಏನೋ ಗಟ್ಟಿಯಾಗಿ ಕೂತಿತ್ತು. ಹಿಡಿಸೂಡಿಯ ಒಂದು ಕಡ್ಡಿಯನ್ನು ಚೂಪುಮಾಡಿ ಮೆಲ್ಲಗೆ ಕೆದಕಿದಾಗ ಬಟ್ಟೆಯ ನಾರು, ಅಡಕೆಯ ಪುಡಿ, ಹೊಗೆಸೊಪ್ಪಿನ ಚೂರು ಉಂಡೆಕಟ್ಟಿ ಹೊರಬಂದುವು. ಅಕ್ಕ ಫೋನನ್ನು ಎಲೆಯಡಕೆಯ ಚೀಲದಲ್ಲೇ ಇಡುವವಳು! ತಂತಿಯ ತುದಿ ಪೂರ್ತಿ ಒಳಗೆ ಕೂರದೆ ನಾಲ್ಕಾರು ದಿನಗಳಿಂದ ವಿದ್ಯುತ್ತು ಸರಿಯಾಗಿ ಹೋಗಿರಲಿಲ್ಲ. ಕೂರಿಸಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಫೋನು ಕಣ್ಣು ತೆರೆಯಿತು.

ಮೂವತ್ತು ವರ್ಷಕ್ಕೂ ಮಿಕ್ಕಿ ಹಳಗನ್ನಡ ಪಾಠ ಮಾಡಿಕೊಂಡಿದ್ದವನು ನಾನು. ವಿದ್ಯುತ್ತಿನ ಶಾಸ್ತ್ರ ನನ್ನದಲ್ಲ. ಆದರೆ ಆ ದಿನದಿಂದ ಒಂದು ಕುತೂಹಲ ಹತ್ತಿಕೊಂಡಿತು. ಪುತ್ತೂರಿನಲ್ಲಿ ಟಿ.ವಿ., ಮೊಬೈಲುಗಳ ದುರಸ್ತಿ ಮಾಡುವ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ. ಪಂಪನ ಪಾಠದಲ್ಲಿ ಆಕಳಿಸುತ್ತಿದ್ದ ಹುಡುಗ. ಈಗ ಅವನು ಗುರು, ನಾನು ಶಿಷ್ಯ. ಸಂಜೆಯ ಹೊತ್ತು ಅವನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಳಿತು ನೋಡುತ್ತ ನೋಡುತ್ತ ನನಗೆ ತಿಳಿದ ಮೊದಲನೆಯ ಸಂಗತಿಯೆಂದರೆ, ಅವನ ಕೆಲಸಕ್ಕೂ ನನ್ನ ಕೆಲಸಕ್ಕೂ ಅಷ್ಟು ದೂರವಿಲ್ಲ ಎಂಬುದು. ತಾಳೆಗರಿಯ ಪ್ರತಿಯೊಂದರಲ್ಲಿ ಪಾಠ ಕೆಟ್ಟಿದ್ದರೆ ಕವಿಯನ್ನೇ ದೂರುವವನು ದಡ್ಡ. ಕವಿಯಿಂದ ನಮ್ಮವರೆಗೆ ಎಷ್ಟು ಕೈಗಳು ದಾಟಿವೆ, ಯಾವ ಲಿಪಿಕಾರನಲ್ಲಿ ತಪ್ಪು ಹೊಕ್ಕಿತು ಎಂದು ಪ್ರತಿಗೆ ಪ್ರತಿ ಹಚ್ಚಿ ನೋಡಬೇಕು. ಟಿ.ವಿ.ಯೂ ಹಾಗೆಯೇ. ನಮ್ಮ ಕಣ್ಣೆದುರಿಗಿರುವ ಪೆಟ್ಟಿಗೆ ಒಂದು ಉದ್ದ ಸರಪಣಿಯ ಕೊನೆಯ ಕೊಂಡಿ ಮಾತ್ರ. ಕಣ್ಣೆದುರಿಗೆ ಇದೆಯೆಂಬ ಒಂದೇ ಅಪರಾಧಕ್ಕೆ ಎಲ್ಲ ಪೆಟ್ಟೂ ಅದರ ತಲೆಯ ಮೇಲೆ ಬೀಳುತ್ತದೆ.

ನಮ್ಮ ಊರುಗಳಿಗೆ ಟಿ.ವಿ. ಬಂದ ಕಾಲವನ್ನು ಕೆಲವರಾದರೂ ನೆನಪಿಟ್ಟಿರಬಹುದು. 1987ರಲ್ಲಿ ಆದಿತ್ಯವಾರ ಬೆಳಗ್ಗೆ ‘ರಾಮಾಯಣ’ ಬರುವ ಹೊತ್ತಿಗೆ ಒಬ್ಬ ಮಾಡಿನ ಮೇಲೆ ಹತ್ತಿ ಆಂಟೆನಾದ ಕಂಬ ತಿರುಗಿಸುವನು, ಒಬ್ಬ ಅಂಗಳದಲ್ಲಿ, ಒಳಗಿನಿಂದ ಹತ್ತಾರು ಗಂಟಲುಗಳು – “ಬಂತು, ಬಂತು... ಹೋಯ್ತು!” ಕಣಿವೆಯ ಮನೆಗಳಲ್ಲಿ ಒಬ್ಬ ರಾಮನ ಪಕ್ಕದಲ್ಲಿ ಮಬ್ಬಾದ ಇನ್ನೊಬ್ಬ ರಾಮ ನಿಂತಿರುತ್ತಿದ್ದ. ಅಲೆಗಳು ನೇರವಾಗಿ ಬಂದುದಲ್ಲದೆ ಎದುರಿನ ಗುಡ್ಡಕ್ಕೆ ಬಡಿದು, ಒಂದಿಷ್ಟು ತಡವಾಗಿಯೂ ಬಂದು ಸೇರುತ್ತಿದ್ದುದರ ಫಲ ಅದು. ಆ ಪ್ರಸಾರಕ್ಕೆ ಒಂದು ಗುಣವಿತ್ತು. ಅದು ಕ್ರಮವಾಗಿ ಕೆಡುತ್ತಿತ್ತು. ತೆರೆಯ ಮೇಲೆ ಹಿಮ ಬಿದ್ದಂತಾದರೆ ಸಂಕೇತ ದುರ್ಬಲವೆಂದೂ, ನೆರಳು ಮೂಡಿದರೆ ಗುಡ್ಡದ ಕಿತಾಪತಿಯೆಂದೂ ಮಕ್ಕಳೂ ಹೇಳುತ್ತಿದ್ದರು. ರೋಗದ ಲಕ್ಷಣ ಮುಖದ ಮೇಲೆಯೇ ಇರುತ್ತಿತ್ತು.

ನೆಲದ ಮೇಲಿನ ಗೋಪುರಗಳಿಂದ ಬರುತ್ತಿದ್ದ ಆ ಹಳೆಯ ಬಗೆಯ ಪ್ರಸಾರ ಈಗ ನಮ್ಮ ದೇಶದಲ್ಲಿ ಬಹುಮಟ್ಟಿಗೆ ನಿಂತುಹೋಗಿದೆ. ಇಂದು ಬರುವುದು ಅಂಕಿಗಳ ರೂಪದ ಚಿತ್ರ. ಅಂಕಿಗಳು ಒಂದು ಮಿತಿಯವರೆಗೆ ಎಷ್ಟು ಹಾಳಾದರೂ ಯಂತ್ರ ತಾನೇ ಲೆಕ್ಕಹಾಕಿ ತಿದ್ದಿಕೊಳ್ಳುತ್ತದೆ. ಚಿತ್ರ ಕನ್ನಡಿಯಂತೆ ಇರುತ್ತದೆ. ಮಿತಿ ದಾಟಿತೋ, ನಾಲ್ಕು ಚೌಕಗಳು ಒಡೆದು ಬಿದ್ದು, ಎಲ್ಲ ಕಪ್ಪು. ನಿನ್ನೆ ರಾತ್ರಿ ಸೊಗಸಾಗಿದ್ದದ್ದು ಇಂದು ಬೆಳಗ್ಗೆ ಏನೂ ಇಲ್ಲ! ಹೀಗಾದಾಗ ಟಿ.ವಿ. ಕೆಟ್ಟಿತೆಂದು ಭಾವಿಸುವುದು ಸಹಜ. ನಿಜವಾಗಿ ಸಂಕೇತವು ತಿಂಗಳುಗಳಿಂದ ಕುಗ್ಗುತ್ತ ಬಂದು, ಇಂದು ಅಂಚಿನಿಂದ ಕೆಳಗೆ ಬಿದ್ದಿರುತ್ತದೆ, ಅಷ್ಟೆ.

ಕಡಬದ ಬಳಿ ನನ್ನ ಹಿಂದಿನ ಸಹೋದ್ಯೋಗಿಯೊಬ್ಬರ ಮನೆಯಿದೆ. ಕಡಬ ಈಚೆಗೆ ಬೇರೆ ತಾಲೂಕಾಗಿ ಹೆಸರು ಪಡೆದಿದ್ದರೂ ಆ ಮನೆಯ ಸುತ್ತಲಿನ ಮರಗಳಿಗೆ ಆ ಸುದ್ದಿ ಮುಟ್ಟಿದಂತಿಲ್ಲ. ಅವು ಹಿಂದಿನಂತೆಯೇ ಬೆಳೆಯುತ್ತಿವೆ. ಅವರ ಡಿಶ್ಶಿನಲ್ಲಿ ಬೇಸಗೆಯಲ್ಲಿ ಚಿತ್ರ ಚೆನ್ನ, ಮಳೆಗಾಲದಲ್ಲಿ ಶೂನ್ಯ. ಮಳೆ ಸುರಿಯುವಾಗ ಹೋಗುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಉಪಗ್ರಹವಿರುವುದು ಸುಮಾರು 36,000 ಕಿಲೊಮೀಟರು ದೂರದಲ್ಲಿ. ಅಲ್ಲಿಂದ ಬರುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು ಮಾತ್ರ. ಇಷ್ಟು ಗಿಡ್ಡ ಅಲೆಯನ್ನು ದಪ್ಪ ಮಳೆಹನಿಗಳು ಹೀರಿ ಚದರಿಸಿಬಿಡುತ್ತವೆ. ಮಳೆಯ ರಭಸ ಇಳಿದೊಡನೆ ಚಿತ್ರ ಮರಳಬೇಕು. ಇವರಲ್ಲಿ ಮಳೆ ನಿಂತು ತಾಸು ಕಳೆದರೂ ಮರಳುತ್ತಿರಲಿಲ್ಲ. ದುರಸ್ತಿಯವರು ಬಂದು ಡಿಶ್ಶಿನ ಮುಂದಿನ ಎಲ್‌ಎನ್‌ಬಿ ಬದಲಿಸಿದರು, ತಂತಿ ಬದಲಿಸಿದರು, ಸೆಟ್‌ಟಾಪ್ ಪೆಟ್ಟಿಗೆಯನ್ನೂ ಬದಲಿಸಿದರು. ಮೂರು ಸಲ ಹಣ ತೆತ್ತದ್ದಾಯಿತು.

ನನ್ನ ಶಿಷ್ಯ ಹೋದವನು ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಅಂಗಳದಲ್ಲಿ ಡಿಶ್ಶಿನ ಬೆನ್ನಿಗೆ ನಿಂತು ಮೇಲಕ್ಕೆ ನೋಡಿದ. ಎಲ್ಲರೂ ಡಿಶ್ಶು ಮುಖಮಾಡಿದ ಕಡೆಗೆ ನೋಡಿದ್ದರು, ಅಲ್ಲಿ ಬಯಲಿತ್ತು. ಆದರೆ ಮನೆಗಳಲ್ಲಿರುವ ಸಣ್ಣ ಡಿಶ್ಶುಗಳ ರಚನೆಯೇ ವಿಚಿತ್ರ. ಅವು ನೋಡುವಂತೆ ಕಾಣುವ ದಿಕ್ಕಿಗಿಂತ ಸಾಕಷ್ಟು ಮೇಲಿನಿಂದ ಅಲೆಗಳನ್ನು ಪಡೆಯುತ್ತವೆ. ನಮ್ಮ ಅಕ್ಷಾಂಶದಲ್ಲಿ ಉಪಗ್ರಹಗಳು ಆಗ್ನೇಯದ ಕಡೆ ಬಾನಿನಲ್ಲಿ ಬಹಳ ಎತ್ತರಕ್ಕಿವೆ. ಅಲ್ಲಿ, ಮಾಡಿನ ನೇರಕ್ಕೆ, ಹಲಸಿನ ಮರದ ಕೊಂಬೆಯೊಂದು ಏಳೆಂಟು ವರ್ಷಗಳಲ್ಲಿ ಚಾಚಿಕೊಂಡಿತ್ತು. ಒಣಗಿದ ಎಲೆಗಳ ನಡುವಿನಿಂದ ಸಂಕೇತ ಹೇಗೋ ನುಸುಳುತ್ತಿತ್ತು. ತೊಯ್ದ ಎಲೆಗಳು ಅದನ್ನು ತಡೆಯುತ್ತಿದ್ದುವು. ಕೊಂಬೆ ಕಡಿದರು. ಅಷ್ಟೇ ಚಿಕಿತ್ಸೆ. ಹಲಸಿನ ಗುಜ್ಜೆ ಎರಡು ನನಗೂ ಬಂದುವು.

ಡಿಶ್ಶಿನ ಬೇರೆ ಕಾಯಿಲೆಗಳೂ ಹೀಗೆ ಹೊರಗಿನವೇ ಹೆಚ್ಚು. ತಂತಿಯ ಜೋಡಣೆಯೊಳಗೆ ನೀರು ಇಳಿಯುವುದು ಮಳೆನಾಡಿನಲ್ಲಿ ಮಾಮೂಲು. ಸೇರಿಕೆಯ ಬಳಿ ತಂತಿಯನ್ನು ಕೆಳಮುಖವಾಗಿ ಒಂದು ಬಳಸು ಬಳಸಿ ಬಿಟ್ಟರೆ ನೀರು ಆ ಬಳಸಿನಿಂದ ತೊಟ್ಟಿಕ್ಕಿ ಹೋಗುತ್ತದೆ. ಎಲ್‌ಎನ್‌ಬಿಯ ಬಾಯಿಗೆ ಕಡಜ ಮಣ್ಣಿನ ಗೂಡು ಕಟ್ಟಿರುವುದುಂಟು. ಮಂಗ ಜೋತಾಡಿ ಡಿಶ್ಶು ಬೆರಳಷ್ಟು ತಿರುಗಿದರೂ ಸಾಕು. ಇನ್ನೊಂದು ತಮಾಷೆಯ ಕಾರಣವಿದೆ. ವರ್ಷಕ್ಕೆ ಎರಡು ಬಾರಿ, ಮಾರ್ಚಿನಲ್ಲೊಮ್ಮೆ, ಸೆಪ್ಟೆಂಬರು ಕೊನೆಯ ಸುಮಾರಿಗೊಮ್ಮೆ, ಕೆಲವು ದಿನಗಳ ಕಾಲ ಹಗಲಿನಲ್ಲಿ ಸೂರ್ಯನು ಉಪಗ್ರಹದ ಬೆನ್ನ ಹಿಂದೆಯೇ ಬಂದು ನಿಲ್ಲುತ್ತಾನೆ. ಅವನ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಕೇಳಿಸದು. ಕೆಲವು ನಿಮಿಷ ಕಾದರೆ ತಾನಾಗಿ ಸರಿಹೋಗುವ ಈ ‘ಕೆಡುಕಿಗೆ’ ದುರಸ್ತಿಯವನನ್ನು ಕರೆಸಿದವರನ್ನು ನಾನು ಬಲ್ಲೆ.

ಈಗ ಪೆಟ್ಟಿಗೆಗೆ ಬರೋಣ. ‘ನೋ ಸಿಗ್ನಲ್’ ಎಂಬ ಬರಹ ಬಂದರೆ ಟಿ.ವಿ. ಬದುಕಿದೆ ಎಂದೇ ಅರ್ಥ, ಸತ್ತವರು ಮಾತಾಡುವುದಿಲ್ಲವಷ್ಟೆ. ಮೊಮ್ಮಗ ರಿಮೋಟಿನ ‘ಸೋರ್ಸ್’ ಗುಂಡಿ ಒತ್ತಿ, ಟಿ.ವಿ. ಬೇರೊಂದು ಬಾಗಿಲಿಗೆ ಕಿವಿಗೊಟ್ಟು ಕುಳಿತಿರಬಹುದು. ನನ್ನ ಶಿಷ್ಯನಿಗೆ ಬರುವ ಕರೆಗಳಲ್ಲಿ ಬಹಳಷ್ಟು ಇದೇ ಕಾರಣಕ್ಕೆ. ರಿಮೋಟೇ ಕೆಲಸಮಾಡುತ್ತಿಲ್ಲವೋ ಟಿ.ವಿ. ಸ್ಪಂದಿಸುತ್ತಿಲ್ಲವೋ ಎಂಬ ಸಂಶಯಕ್ಕೆ ಅವನು ತೋರಿಸಿದ ಪರಿಹಾರ ನನಗೆ ಬಹಳ ಹಿಡಿಸಿತು. ರಿಮೋಟಿನ ಮೂತಿಯಲ್ಲಿರುವ ದೀಪದ ಬೆಳಕು ನಮ್ಮ ಕಣ್ಣಿಗೆ ಕಾಣದ ಕೆಂಪಿನಾಚೆಯ ಬೆಳಕು. ಆದರೆ ಮೊಬೈಲಿನ ಕ್ಯಾಮೆರಾಕ್ಕೆ, ಅದರಲ್ಲೂ ಮುಂಬದಿಯದಕ್ಕೆ, ಅದು ಸಾಮಾನ್ಯವಾಗಿ ಕಾಣುತ್ತದೆ. ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿ. ತೆರೆಯಲ್ಲಿ ನೇರಳೆಯಂಥ ಮಿಣುಕು ಕಂಡರೆ ರಿಮೋಟು ನಿರಪರಾಧಿ. ಕಾಣದಿದ್ದರೆ ಸೆಲ್ಲು ಬದಲಿಸಿ, ಸ್ಪ್ರಿಂಗಿನ ಹಸಿರು ಕಿಲುಬನ್ನು ಕೆರೆದು ತೆಗೆಯಿರಿ.

ಧ್ವನಿ ಬರುತ್ತದೆ, ಚಿತ್ರವಿಲ್ಲ. ಈ ದೂರು ಎಲ್‌ಇಡಿ ಟಿ.ವಿ.ಗಳಲ್ಲಿ ಹೆಚ್ಚು. ಕೋಣೆಯನ್ನು ಕತ್ತಲೆಮಾಡಿ ತೆರೆಗೆ ಓರೆಯಾಗಿ ಟಾರ್ಚಿನ ಬೆಳಕು ಬಿಟ್ಟು ಹತ್ತಿರದಿಂದ ನೋಡಬೇಕು. ಮಸುಕಾಗಿ ಮನುಷ್ಯರು ಓಡಾಡುವುದು ಕಂಡರೆ ಚಿತ್ರ ಇದೆ, ಅದನ್ನು ಬೆಳಗಿಸುವ ಹಿಂಬದಿಯ ದೀಪಗಳು ಮಾತ್ರ ಆರಿವೆ. ಆ ದೀಪಗಳ ಪಟ್ಟಿ ಬದಲಿಸಿದರೆ ಸಾಕು. ಈ ಒಂದು ಪರೀಕ್ಷೆ ತಿಳಿದಿದ್ದರೆ ‘ಪ್ಯಾನೆಲ್ ಹೋಗಿದೆ, ಹೊಸದೇ ಕೊಳ್ಳಿ’ ಎನ್ನುವವರ ಎದುರು ನಾಲ್ಕು ಮಾತಾಡಬಹುದು. ತೆರೆ ಒಡೆದಿದ್ದರೆ ಮಾತ್ರ ಮಾತಿಲ್ಲ. ಅದರ ಬೆಲೆ ಹೊಸ ಟಿ.ವಿ.ಯ ಬೆಲೆಯ ಹತ್ತಿರ ಬಂದು ನಿಲ್ಲುತ್ತದೆ. ಏನೇ ಆಗಲಿ, ಹಿಂಬದಿಯ ಮುಚ್ಚಳ ಬಿಚ್ಚುವ ಸಾಹಸ ಬೇಡ. 230 ವೋಲ್ಟಿನ ಮನೆಯ ವಿದ್ಯುತ್ತು ಅದರೊಳಗೆ 300ನ್ನು ಮೀರಿದ ಒತ್ತಡವಾಗಿ ಕೆಪಾಸಿಟರಿನಲ್ಲಿ ಶೇಖರವಾಗಿರುತ್ತದೆ. ಪ್ಲಗ್ಗು ಕಿತ್ತ ಮೇಲೂ ಕೆಲಹೊತ್ತು ಉಳಿದಿರಬಹುದು. ಹಲ್ಲಿಗಳಿಗೆ ಇದು ತಿಳಿಯದು. ಬೆಚ್ಚಗಿದೆಯೆಂದು ಒಳಹೊಕ್ಕು, ತಾವೂ ಸತ್ತು, ಟಿ.ವಿ.ಯನ್ನೂ ಜೊತೆಗೆ ಕರೆದೊಯ್ಯುತ್ತವೆ.

ಇನ್ನು ಸಿಡಿಲು. ಪುತ್ತೂರು, ಸುಳ್ಯ, ಕಡಬದವರ ಎದುರು ಈ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸಲಾಗದು. ನಡುಮಳೆಗಾಲದಲ್ಲಿ ನಮಗೆ ಗುಡುಗು ಕಡಿಮೆ. ಎಪ್ರಿಲ್–ಮೇ ತಿಂಗಳ ಸಂಜೆಗಳಲ್ಲೂ, ಮತ್ತೆ ತುಲಾ ಮಾಸದಲ್ಲೂ ಅದರ ಆರ್ಭಟ. ಕೆಲವು ವರ್ಷಗಳ ಹಿಂದೆ ಮೇ ತಿಂಗಳ ಒಂದು ಸಂಜೆ ಗುಡುಗು ಕೇಳಿದೊಡನೆ ನಾನು ಬಹಳ ಜಾಣನಂತೆ ಟಿ.ವಿ.ಯ ಸ್ವಿಚ್ಚು ಆರಿಸಿ ಜಗಲಿಗೆ ಬಂದು ಕುಳಿತೆ. ಹಿತ್ತಿಲ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ಟಿ.ವಿ., ಸೆಟ್‌ಟಾಪ್ ಪೆಟ್ಟಿಗೆ ಎರಡೂ ಬೂದಿಯ ವಾಸನೆ ಹೊಡೆದುವು. ಸ್ವಿಚ್ಚು ಆರಿಸಿದ್ದೆನಲ್ಲ? ಮೋಡದಿಂದ ನೆಲಕ್ಕೆ ಕಿಲೊಮೀಟರುಗಟ್ಟಲೆ ಗಾಳಿಯನ್ನು ಸೀಳಿಕೊಂಡು ಬಂದ ಸಿಡಿಲಿಗೆ ಸ್ವಿಚ್ಚಿನೊಳಗಿನ ಕೆಲವು ಮಿಲಿಮೀಟರಿನ ಎಡೆ ಯಾವ ಲೆಕ್ಕ! ಅಲ್ಲದೆ ಡಿಶ್ಶಿನ ತಂತಿಯನ್ನು ನಾನು ಮರೆತೇಬಿಟ್ಟಿದ್ದೆ. ಮಾಡಿನ ಮೇಲಿನ ಕಬ್ಬಿಣದ ತಟ್ಟೆಯಿಂದ ನೇರವಾಗಿ ಟಿ.ವಿ.ಯ ಹೊಟ್ಟೆಗೆ ಇಳಿಯುವ ತಾಮ್ರದ ದಾರಿ ಅದು.

ಆದ್ದರಿಂದ ಪ್ಲಗ್ಗನ್ನೂ ಡಿಶ್ಶಿನ ತಂತಿಯನ್ನೂ ಕಿತ್ತು ದೂರ ಇಡಬೇಕು. ಗುಡುಗು ತಲೆಯ ಮೇಲೆ ಬಂದಾಗಲಲ್ಲ. ಆಗ ತಂತಿ ಮುಟ್ಟುವುದೇ ಜೀವಕ್ಕೆ ಅಪಾಯ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೊಮೀಟರಿನ ಲೆಕ್ಕ. ಮೂವತ್ತರ ಒಳಗೆ ಕೇಳಿಸಿತೆಂದರೆ ಸಿಡಿಲು ಹತ್ತು ಕಿಲೊಮೀಟರಿನೊಳಗೆ ಬಂದಿದೆಯೆಂದು ತಿಳಿದು, ಯಂತ್ರದ ಆಸೆ ಬಿಟ್ಟು, ತಂತಿಗಳಿಂದ ದೂರ ಕುಳಿತುಕೊಳ್ಳುವುದೇ ಸರಿ. ಮೊಬೈಲು ಸಿಡಿಲನ್ನು ಎಳೆಯುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದು ನಿಜವಲ್ಲ. ಚಾರ್ಜಿಗೆ ಸಿಕ್ಕಿಸಿದ ಮೊಬೈಲನ್ನು ಕಿವಿಗೆ ಹಿಡಿಯುವುದು ಮಾತ್ರ ಅಪಾಯ, ಏಕೆಂದರೆ ಆಗ ನಾವೂ ತಂತಿಯ ತುದಿಯೇ ಆಗುತ್ತೇವೆ. ಮತ್ತೊಂದು ಮಾತು: ಮನೆ ಕಟ್ಟುವಾಗ ಹಾಕಿದ ಅರ್ತಿಂಗನ್ನು ಆಮೇಲೆ ನೋಡುವವರೇ ಇಲ್ಲ. ನಮ್ಮದು ಮುರಕಲ್ಲಿನ ನೆಲ. ಬೇಸಗೆಯಲ್ಲಿ ಒಣಗಿ ಬಿರಿದಾಗ ಅದು ವಿದ್ಯುತ್ತನ್ನು ಒಳಗೆ ಬಿಟ್ಟುಕೊಳ್ಳದು. ಸಿಡಿಲಿನ ಕಾಲ ಶುರುವಾಗುವುದೂ ಆಗಲೇ! ಅರ್ತಿಂಗಿನ ಗುಂಡಿಗೆ ವಾರಕ್ಕೆರಡು ಕೊಡ ನೀರು ಹೊಯ್ಯುವುದು ತುಳಸಿಗೆ ನೀರೆರೆದಷ್ಟೇ ಸುಲಭ.

ಸಿಡಿಲಿಲ್ಲದೆಯೂ ಒಂದೇ ದಿನ ಬೀದಿಯ ನಾಲ್ಕಾರು ಮನೆಗಳ ಟಿ.ವಿ.ಗಳು ಸುಟ್ಟ ಸುದ್ದಿ ಕೇಳಿರಬಹುದು. ಗಾಳಿಗೆ ಕೊಂಬೆ ಮುರಿದುಬಿದ್ದು ಕಂಬದ ಮೇಲಿನ ನ್ಯೂಟ್ರಲ್ ತಂತಿ ತುಂಡಾದರೆ, ಮೂರು ಫೇಸುಗಳ ನಡುವಿನ ಸಮತೋಲ ತಪ್ಪಿ, ಕೆಲವು ಮನೆಗಳಿಗೆ 230ರ ಬದಲು 400ರ ಸಮೀಪದ ಒತ್ತಡ ನುಗ್ಗುತ್ತದೆ. ಒಂದು ಕೋಣೆಯ ದೀಪ ವಿಪರೀತ ಬೆಳಗಿ ಇನ್ನೊಂದರದು ಮಂಕಾದರೆ ಅದೇ ಸೂಚನೆ. ಯೋಚಿಸುತ್ತ ನಿಲ್ಲದೆ ಮೈನ್ ಸ್ವಿಚ್ಚು ಆರಿಸಬೇಕು. ಪಂಪುಗಳು ಓಡುವ ಹೊತ್ತಿನ ಕಡಿಮೆ ವೋಲ್ಟೇಜಿಗೆ ಇಂದಿನ ಟಿ.ವಿ.ಗಳು ಅಷ್ಟಾಗಿ ಹೆದರುವುದಿಲ್ಲ. ಹೆದರಬೇಕಾದ್ದು ಫ್ರಿಜ್ಜು.

ಮೊಬೈಲಿನ ಕಥೆ ಬೇರೆ. ಅದರ ಕೆಡುಕುಗಳಲ್ಲಿ ಅರ್ಧ ನಮ್ಮ ಭೂಗೋಳದಿಂದಲೇ ಬಂದವು. ಸುಳ್ಯದ ಕಡೆಯ ನೆಂಟರು ಪುತ್ತೂರಿಗೆ ಬಂದಾಗ ಎರಡು ದಿನ ಬರುವ ಬ್ಯಾಟರಿ, ಮನೆಗೆ ಮರಳಿದ ಮೇಲೆ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಬ್ಯಾಟರಿ ಹಾಳಾಯಿತೆಂದು ಬದಲಿಸುತ್ತಾರೆ, ಹೊಸದೂ ಅಷ್ಟೇ. ಗೋಪುರ ದೂರವಿದ್ದಷ್ಟೂ, ಗುಡ್ಡ ಅಡ್ಡವಿದ್ದಷ್ಟೂ ಮೊಬೈಲು ಗಟ್ಟಿಯಾಗಿ ಕೂಗಬೇಕಾಗುತ್ತದೆ. ಉತ್ತರವೇ ಬಾರದಿದ್ದರೆ ಮತ್ತೆ ಮತ್ತೆ ಹುಡುಕುತ್ತದೆ. ತೋಟದಾಚೆಗೆ ಕೂಗಿ ಕರೆಯುವವನ ಗಂಟಲು ಒಣಗುವಂತೆ ಅದರ ಬ್ಯಾಟರಿಯೂ ಒಣಗುತ್ತದೆ. ಸಂಕೇತ ಸಿಗದ ಜಾಗದಲ್ಲಿ ಏರೋಪ್ಲೇನ್ ಮೋಡ್ ಹಾಕಿಟ್ಟರೆ ಅದಕ್ಕೆ ವಿಶ್ರಾಂತಿ.

ಸಂಕೇತಕ್ಕಾಗಿ ಗುಡ್ಡ ಹತ್ತುವುದು ನಮ್ಮಲ್ಲಿ ಬರಿಯ ಮಾತಲ್ಲ. 2021ರ ಮಳೆಗಾಲದಲ್ಲಿ, ಶಾಲೆ ಕಾಲೇಜುಗಳು ಮುಚ್ಚಿದ್ದ ದಿನಗಳಲ್ಲಿ, ಸುಳ್ಯ ತಾಲೂಕಿನ ಹಳ್ಳಿಯೊಂದರ ರಸ್ತೆಬದಿಯಲ್ಲಿ ಕುಳಿತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಪಾಠ ಹೇಳಿ ಬದುಕಿದ ನನಗೆ ಆ ಚಿತ್ರ ಇನ್ನೂ ಮರೆತಿಲ್ಲ. ಆ ಫೋನಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಸಂಕೇತದ ಗೆರೆಗಳು ತುಂಬಿದ್ದೂ ಕರೆ ಹೋಗದಿರುವುದುಂಟು. ಎಪ್ರಿಲ್ 17ರ ಸಂಜೆ ಪುತ್ತೂರಿನ ದೇವರಮಾರು ಗದ್ದೆಯಲ್ಲಿ, ಮಹಾಲಿಂಗೇಶ್ವರನ ಬ್ರಹ್ಮರಥದ ಹೊತ್ತಿಗೆ, ತಪ್ಪಿಹೋದ ಮಗುವನ್ನು ಹುಡುಕುವ ತಾಯಿ ಫೋನು ಒತ್ತಿ ಒತ್ತಿ ಸೋಲುತ್ತಾಳೆ. ಒಂದು ಗೋಪುರ ಏಕಕಾಲಕ್ಕೆ ಇಷ್ಟೇ ಮಂದಿಗೆ ದಾರಿ ಕೊಡಬಲ್ಲದು. ಜಾತ್ರೆಯಲ್ಲಿ ರಥಬೀದಿಯಂತೆ ಅದೂ ಕಿಕ್ಕಿರಿದಿರುತ್ತದೆ. ಆಗ ಕರೆಗಿಂತ ಒಂದು ಸಾಲಿನ ಸಂದೇಶ ನುಸುಳುವುದು ಸುಲಭ. ಮಳೆಗಾಲದಲ್ಲಿ ಕರೆಂಟು ಹೋಗಿ ಗೋಪುರದ ಬ್ಯಾಟರಿಯೂ ಬರಿದಾದರೆ ಇಡೀ ಊರಿನ ಫೋನುಗಳು ಒಟ್ಟಿಗೆ ಮೂಕವಾಗುತ್ತವೆ. ಆದ್ದರಿಂದ ಮೊದಲು ನೆರೆಮನೆಯವರನ್ನು ಕೇಳಿ. ಅವರದ್ದು ಸರಿಯಿದ್ದರೆ ನಿಮ್ಮ ಸಿಮ್ಮನ್ನು ಅವರ ಫೋನಿಗೆ ಹಾಕಿ ನೋಡಿ. ಪ್ರತಿಗೆ ಪ್ರತಿ ಹಚ್ಚುವುದೆಂದರೆ ಇದೇ. ತಂತಿ, ಚಾರ್ಜರು, ಸಿಮ್ಮು, ಫೋನು – ಒಂದೊಂದಾಗಿ ಬದಲಿಸುತ್ತ ಹೋದರೆ ಕಳ್ಳ ಎಲ್ಲಿದ್ದಾನೆಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಎರಡನ್ನು ಒಟ್ಟಿಗೆ ಬದಲಿಸಿದಿರೋ, ಏನೂ ತಿಳಿಯದು.

ನನ್ನ ಗೆಳೆಯರೊಬ್ಬರು ಕಿವಿ ಮಂದವಾಯಿತೆಂದು ಮಂಗಳೂರಿನವರೆಗೆ ಹೋಗಿ ಪರೀಕ್ಷೆ ಮಾಡಿಸಿಬಂದರು. ಮಂದವಾದದ್ದು ಕಿವಿಯಲ್ಲ, ಫೋನಿನ ಕಿವಿಬದಿಯ ಜಾಲರಿಯಲ್ಲಿ ಧೂಳು ತುಂಬಿತ್ತು. ಒಣ ಬ್ರಷ್ಷಿನಿಂದ ಉಜ್ಜಿದ ಮೇಲೆ ಅವರ ಹೆಂಡತಿಯ ಮಾತು ಮೊದಲಿನಷ್ಟೇ ಸ್ಪಷ್ಟವಾಗಿ ಕೇಳತೊಡಗಿತು. ಅದು ಲಾಭವೋ ನಷ್ಟವೋ ಅವರು ಹೇಳಿಲ್ಲ.

ನೀರಿಗೆ ಬಿದ್ದ ಫೋನನ್ನು ಅಕ್ಕಿಯ ಡಬ್ಬದಲ್ಲಿ ಹೂಳುವ ಪದ್ಧತಿ ಎಲ್ಲಿಂದ ಬಂತೋ ತಿಳಿಯದು. ಅಕ್ಕಿ ಹೊರಗಿನ ತೇವವನ್ನು ಅಷ್ಟಿಷ್ಟು ಹೀರೀತು. ಒಳಗಿನದು ಅಲ್ಲೇ ಇರುತ್ತದೆ, ಮೇಲಾಗಿ ಅಕ್ಕಿಯ ಹುಡಿ ತೂತುಗಳಿಗೆ ಸೇರಿಕೊಳ್ಳುತ್ತದೆ. ಫೋನು ತಯಾರಿಸುವ ಆ್ಯಪಲ್ ಕಂಪೆನಿಯೇ 2024ರಲ್ಲಿ ಅಕ್ಕಿ ಬೇಡವೆಂದು ತಿಳಿಸಿತು. ಫೋನನ್ನು ಕೊಲ್ಲುವುದು ನೀರಿಗಿಂತ ಹೆಚ್ಚಾಗಿ ನಮ್ಮ ಆತುರ. ನೀರಿರುವಾಗ ವಿದ್ಯುತ್ತು ಹರಿದರೆ ಒಳಗಿನ ಕೂದಲೆಳೆಯಂಥ ಲೋಹದ ದಾರಿಗಳು ಕಿಲುಬಿ ತಿಂದುಹೋಗುತ್ತವೆ. ಕೂಡಲೇ ಆರಿಸಿ, ಒರಸಿ, ಚಾರ್ಜಿನ ತೂತನ್ನು ಕೆಳಗೆ ಮಾಡಿ ಫ್ಯಾನಿನ ಗಾಳಿಗೆ ಒಂದು ದಿನವಾದರೂ ಇಡಬೇಕು. ಬಿಸಿಲಿಗೂ ಒಲೆಯ ಬದಿಗೂ ಬೇಡ. ‘ಸರಿಯಾಯಿತೋ ನೋಡುವಾ’ ಎಂದು ನಡುವೆ ಚಾರ್ಜಿಗೆ ಹಾಕಿದರೆ ಕಥೆ ಮುಗಿಯಿತು.

ಫೋನಿನ ಬೆನ್ನು ಉಬ್ಬಿದ್ದರೆ, ಮೇಜಿನ ಮೇಲೆ ಬುಗುರಿಯಂತೆ ತಿರುಗಿದರೆ, ಅದು ದುರಸ್ತಿಯ ವಿಷಯವಲ್ಲ, ಅಪಾಯದ್ದು. ಬ್ಯಾಟರಿಯೊಳಗೆ ಅನಿಲ ತುಂಬಿದೆ. ಒತ್ತಬಾರದು, ಚುಚ್ಚಬಾರದು, ಚಾರ್ಜು ಮಾಡಬಾರದು. ನಮ್ಮ ಹಳ್ಳಿಮನೆಗಳಲ್ಲಿ ಬೇಡದ ಕಸವನ್ನೆಲ್ಲ ಬಚ್ಚಲೊಲೆಗೆ ನೂಕುವ ರೂಢಿಯಿದೆ. ಈ ಬ್ಯಾಟರಿ ಅಲ್ಲಿಗೆ ಹೋದರೆ ಸಿಡಿಯುತ್ತದೆ. ನೀರು ಕಾಯಿಸಲು ಕುಳಿತ ಮುದುಕರ ಮುಖಕ್ಕೆ ಬೆಂಕಿ. ಅಂಗಡಿಗೆ ಮರಳಿಸಿ.

ಅಂಗಡಿಯೆಂದೆ. ನನ್ನ ಅಕ್ಕನಿಗೆ ಬೋರ್ಡು ಹೋಗಿದೆಯೆಂದವರು ಮೋಸಗಾರರೆಂದು ನಾನು ಹೇಳಲಾರೆ. ನೋಡುವ ತಾಳ್ಮೆ ಇರಲಿಲ್ಲ, ಅಷ್ಟೆ. “ಸರ್, ತೂತು ಗುಡಿಸಿ ಕೊಟ್ಟರೆ ಜನ ಇಪ್ಪತ್ತು ರೂಪಾಯಿ ಕೊಡ್ಲಿಕ್ಕೂ ಹಿಂದೆ ಮುಂದೆ ನೋಡ್ತಾರೆ. ಬೋರ್ಡು ಹೋಗಿದೆ ಅಂದ್ರೆ ಮರ್ಯಾದೆಯಿಂದ ಕೊಡ್ತಾರೆ,” ಎಂದ ನನ್ನ ಶಿಷ್ಯ. ದೋಷ ಹುಡುಕುವುದಕ್ಕೆ ಕೂಲಿಯಿಲ್ಲ, ಬಿಡಿಭಾಗಕ್ಕೆ ಮಾತ್ರ ಬೆಲೆ ಎಂಬ ನಮ್ಮ ಲೆಕ್ಕಾಚಾರವೂ ಸರಿಯಲ್ಲ. ನಾನು ಈಗ ಹುಡುಕಿದ್ದಕ್ಕೇ ಹಣ ಕೊಡುತ್ತೇನೆ. ಬದಲಿಸಿದ್ದರೆ ಹಳೆಯ ಭಾಗವನ್ನು ಕೇಳಿ ತೆಗೆದುಕೊಳ್ಳುತ್ತೇನೆ. ಫೋನು ಕೊಡುವ ಮುನ್ನ ಸಿಮ್ಮು ತೆಗೆದಿಡುತ್ತೇನೆ. ಸಹಾಯ ಮಾಡುತ್ತೇವೆಂದು ದೂರದಿಂದ ಕರೆ ಮಾಡಿ, ಅದನ್ನು ಒತ್ತಿ ಇದನ್ನು ಹಾಕಿಕೊಳ್ಳಿ ಎನ್ನುವ ಅಪರಿಚಿತರಿಗೆ ಮಾತ್ರ ಯಾವ ಉತ್ತರವನ್ನೂ ಕೊಡುವುದಿಲ್ಲ. ಅವರು ಸರಿಪಡಿಸುವುದು ನಮ್ಮ ಬ್ಯಾಂಕಿನ ಖಾತೆಯನ್ನು.

ವಿಜ್ಞಾನವನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತನ್ನು ಈಗಲೂ ಕೇಳುತ್ತೇನೆ. ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳ ಸಂಪುಟಗಳನ್ನು ಒಬ್ಬರೇ ಬರೆದು ಮುಗಿಸಿದ ಊರಿನಲ್ಲಿ ನಿಂತು ಆ ಮಾತು ಆಡಬಾರದು. ನನ್ನ ಅಕ್ಕ ಓದಿದ್ದು ಏಳನೆಯ ತರಗತಿ. ಗೋಪುರ, ಸಿಮ್ಮು, ಬ್ಯಾಟರಿ ಈ ಮೂರರ ಸಂಬಂಧವನ್ನು ಅವಳಿಗೆ ಕೆರೆ, ತೋಡು, ಪಂಪು ಎಂದು ಹೇಳಿದೆ. ತೋಟಕ್ಕೆ ನೀರು ಬಾರದಿದ್ದರೆ ಅವಳು ಮೊದಲು ಪಂಪನ್ನು ಬಿಚ್ಚುವವಳಲ್ಲ. ಕೆರೆಯಲ್ಲಿ ನೀರಿದೆಯೋ ಎಂದು ನೋಡುವವಳು. ಅಷ್ಟರಲ್ಲೇ ಅರ್ಥವಾಯಿತು.

ಈಗ ಅವಳ ಮನೆಯಲ್ಲಿ ಎರಡು ಫೋನುಗಳಿವೆ. ದೊಡ್ಡದಕ್ಕೆ ಬೇರೆಯೇ ಒಂದು ಬಟ್ಟೆಯ ಚೀಲ. ಎಲೆಯಡಕೆಗೆ ಅಲ್ಲಿ ಪ್ರವೇಶವಿಲ್ಲ. ಗುಂಡಿಯೊತ್ತುವ ಸಣ್ಣ ಫೋನೊಂದು, ಬೇರೆ ಕಂಪೆನಿಯ ಸಿಮ್ಮಿನೊಂದಿಗೆ, ಪೂರ್ತಿ ಚಾರ್ಜಾಗಿ ದೇವರ ಕೋಣೆಯ ಗೂಡಿನಲ್ಲಿರುತ್ತದೆ. ಸಂಜೆ ಏಳಕ್ಕೆ ಅವಳು ನನಗೆ ಒಂದು ರಿಂಗು ಕೊಟ್ಟು ಕಡಿಯಬೇಕೆಂಬುದು ಒಪ್ಪಂದ.

ಮೊನ್ನೆ ಏಳು ಕಳೆದರೂ ರಿಂಗು ಬರಲಿಲ್ಲ. ಏಳೂವರೆಯಾಯಿತು. ನಾನು ಕರೆದರೆ ಎರಡೂ ಫೋನು ಸಿಗುತ್ತಿಲ್ಲ. ಬಸ್ಸಿನ ಹೊತ್ತು ನೋಡಲು ಎದ್ದವನು ಕುಳಿತೆ. ಸಿಗುತ್ತಿಲ್ಲವೆಂದರೆ ಯಾವುದು ಸಿಗುತ್ತಿಲ್ಲ? ಅವಳ ನೆರೆಮನೆಗೆ ಕರೆದೆ, ಅದೂ ಇಲ್ಲ. ಅದರಾಚೆಯ ಮನೆಯದೂ ಇಲ್ಲ. ಸುಬ್ರಹ್ಮಣ್ಯದ ಪೇಟೆಯಲ್ಲಿರುವ ಪರಿಚಯದವರೊಬ್ಬರು ಸಿಕ್ಕರು. ಮಧ್ಯಾಹ್ನ ಗಾಳಿಗೆ ಮರ ಬಿದ್ದು ಆ ಭಾಗಕ್ಕೆ ಕರೆಂಟಿಲ್ಲ, ಗೋಪುರಗಳು ಆರಿವೆ ಎಂದರು. ಊಟಕ್ಕೆ ಕುಳಿತೆ; ಆದರೂ ಗಂಟಲಲ್ಲಿ ಅನ್ನ ಸರಿಯಾಗಿ ಇಳಿಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಒಂಬತ್ತೂಕಾಲಕ್ಕೆ ಫೋನು ಬಾರಿಸಿತು. ಕಡಿಯುವ ಬದಲು ಅವಳೇ ಮಾತಾಡಿದಳು.

“ತಮ್ಮ, ಕೆರೆಯಲ್ಲಿ ನೀರಿರಲಿಲ್ಲ ಮಾರಾಯ. ಈಗ ಬಂತು.”